ಒಂದು ಗೇಣು ಗಾಳಿ

ಎದುರು ಮನೆಯ ಈರಕ್ಕ ತೋಳಕ್ಕೆ ಹೆದರಿದ ಹೆಂಗಸಲ್ಲ. ನೀಲಗುಂದದ ಹತ್ತಿರ ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ, ಹಿಂಡಿಗೆ ನುಗ್ಗಿದ ತೋಳದ ಬೆನ್ನು ಹತ್ತಿ ಅದರ ಬಾಯಿಂದ ಮರಿಯನ್ನು ಬಿಡಿಸಿಕೊಂಡು ಬಂದವಳು. ಇದನ್ನು ಅವಳು ಹೇಳಿದ್ದಲ್ಲ, ಅವಳ ಗಂಡ ಪಾಲಾಕ್ಷಪ್ಪ ಹೇಳಿದ್ದು. ಆತ ಸುಳ್ಳು ಹೇಳುವಷ್ಟು ಮಾತಾಡುವ ಮನುಷ್ಯನೇ ಅಲ್ಲ. ಅಂಥ ಈರಕ್ಕ ತೋಳ ಒಂದನ್ನು ಬಿಟ್ಟು ಮಿಕ್ಕ ಎಲ್ಲದಕ್ಕೂ ಹೆದರುತ್ತಾಳೆ. ಗ್ಯಾಸ್ ಒಲೆ ಹಚ್ಚುವಾಗ ಮುಖ ಆಚೆ ತಿರುಗಿಸುತ್ತಾಳೆ. ಯಾರಾದರೂ ಕೂಸನ್ನು ನೋಡಿ ಮುದ್ದಾಗಿದೆ ಅಂದರೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುವ ತನಕ ಅವಳ ಜೀವಕ್ಕೆ ಸಮಾಧಾನವಿಲ್ಲ. ಗಾಳಿಗೆ ಹೆದರುತ್ತಾಳೆ, ದೇವರಿಗೆ ಹೆದರುತ್ತಾಳೆ, ದೇವರಿಗೆ ಹೆದರದವರನ್ನು ಕಂಡರೆ ಇನ್ನೂ ಹೆದರುತ್ತಾಳೆ.

ನಾನು ಸೌಭಾಗ್ಯ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದವಳು. ಬಾಗಿಲ ಪಕ್ಕ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ, ಬಾಯಿ ಸ್ವಲ್ಪ ಜೋರು. ಮಷಿನ್ ಮುಂದೆ ಕೂತರೆ ಈರಕ್ಕನ ಮನೆ ನನ್ನ ಕಣ್ಣೆದುರಿಗೇ ಬೀಳುತ್ತದೆ. ಹಾಗಾಗಿ ಅವಳ ಮನೆಯ ಸಂಗತಿ ನನಗೆ ನನ್ನ ಮನೆಯದಕ್ಕಿಂತ ಒಂದು ಕೈ ಹೆಚ್ಚೇ ಗೊತ್ತು. ಅದನ್ನು ಅವಳೂ ಬಲ್ಲಳು. ಬಯ್ಯುವುದಿದ್ದರೆ ನನ್ನನ್ನೇ ಕರೆದು ಬಯ್ಯುತ್ತಾಳೆ, ಅಳುವುದಿದ್ದರೂ ನನ್ನ ಮನೆಯ ಕಟ್ಟೆಗೇ ಬಂದು ಕೂರುತ್ತಾಳೆ.

ಅವಳ ಮಗ ರಾಮಾಂಜಿನಿ ಕುರಿ ಕಾಯಲಿಲ್ಲ, ಕುರಿ ವ್ಯಾಪಾರಕ್ಕೆ ಇಳಿದ. ಸಂತೆಯಿಂದ ಸಂತೆಗೆ ಓಡಾಡಿ ಕೈಗೆ ನಾಲ್ಕು ಕಾಸು ಬಂದ ಮೇಲೆ ಹರಪನಹಳ್ಳಿ ರಸ್ತೆಯ ಈ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಹಳೆಯದೊಂದು ಕಾರು ಕೊಂಡ. ಕಾರಿಗೊಂದು ಕೋಣೆ, ಕೋಣೆಗೊಂದು ತಾನಾಗಿ ಏರಿ ಇಳಿಯುವ ಶಟರ್. ದಾವಣಗೆರೆಯಲ್ಲಿ ಯಾರದೋ ಮನೆಯಲ್ಲಿ ನೋಡಿ ಬಂದಿದ್ದನಂತೆ, ಅಂಥದ್ದೇ ಬೇಕೆಂದು ಹಟ ಹಿಡಿದು ಹಾಕಿಸಿದ. ಅದನ್ನು ಕೂರಿಸಿದ ದಿನ ಬೀದಿಯವರೆಲ್ಲ ಸೇರಿದ್ದೆವು. ಕೈಯಲ್ಲಿನ ರಿಮೋಟ್ ಒತ್ತಿದ ಕೂಡಲೇ ಕಬ್ಬಿಣದ ಪರದೆ ಗರಗರ ಸದ್ದು ಮಾಡುತ್ತಾ ಮೇಲಕ್ಕೆ ಸುತ್ತಿಕೊಂಡಿತು. ನಾವು ಚಪ್ಪಾಳೆ ತಟ್ಟಿದೆವು. ಈರಕ್ಕ ಮಾತ್ರ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಹಿಂದಕ್ಕೆ ಸರಿದಳು.

ಕೂರಿಸಲು ಬಂದ ಹುಡುಗ ಹೋಗುವಾಗ ಒಂದು ಮಾತು ಹೇಳಿದ. "ಕರೆಂಟ್ ಹೋಗಿ ವಾಪಸ್ ಬಂದ್ರ ಇದು ತಾನಾಗೇ ಪೂರ್ತಿ ಕೆಳಗ ಇಳಿತೈತ್ರಿ. ಕಳ್ಳರ ಸಲುವಾಗಿ ಹಂಗ ಇಟ್ಟೀವಿ. ಕೆಳಗ ಏನಾರ ಗಟ್ಟಿ ತಡದ್ರ ಅಲ್ಲೇ ನಿಲ್ತೈತಿ."

"ಅಂದ್ರ ಯಾರೂ ಮುಟ್ಟದಿದ್ರೂ ಇಳಿತೈತಾ?" ಎಂದು ಈರಕ್ಕ ಕೇಳಿದಳು.

"ಹೂಂನ್ರಿ ಅಮ್ಮಾ."

"ಯಾರೂ ಮುಟ್ಟದ ಬಾಗಲಾ ತಾನಾಗೇ ಹಾಕ್ಕೊಂತಂದ್ರ ಅದು ಮನಿ ಅಲ್ಲಪ್ಪ," ಎಂದಳು. ರಾಮಾಂಜಿನಿ ನಕ್ಕ. ನಾನೂ ನಕ್ಕೆ.

ಮುಂದೆ ಅವನ ಹೆಂಡತಿ ಶಿವಲೀಲಾ ಬಸುರಾದಳು. ಹಡಗಲಿ ಕಡೆಯ ಹುಡುಗಿ, ಬಿ.ಎ. ಓದಿದವಳು, ಮಾತಿಗೆ ಮುಂಚೆ ನಗುವವಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ಅವಳಿಗೆ ತಾಯಿಯಿಲ್ಲ, ಅತ್ತ ಅಣ್ಣನ ಹೆಂಡತಿಗೂ ಅದೇ ಹೊತ್ತಿಗೆ ದಿನ ತುಂಬಿತ್ತು. ಹಾಗಾಗಿ ಬಾಣಂತನ ಈರಕ್ಕನ ಪಾಲಿಗೆ ಬಂತು. ಅವಳ ಹೆದರಿಕೆಗಳೆಲ್ಲ ಒಟ್ಟಿಗೇ ಎದ್ದು ಕೂತದ್ದು ಆಗಲೇ.

ಅವರ ಕುಲದವರ ಹಟ್ಟಿಯಲ್ಲೊಂದು ಕಟ್ಟು ಇದೆ. ಹೆತ್ತವಳೂ ಕೂಸೂ ದೇವರಿರುವ ಮನೆಯೊಳಗೆ ಇರಕೂಡದು. ಹಿಂದೆ ಹಟ್ಟಿಯ ಹೊರಗೆ ಸೊಪ್ಪಿನ ಗುಡಿಸಲು ಹಾಕಿ ಮೂರು ತಿಂಗಳು ಅಲ್ಲೇ ಬಿಡುತ್ತಿದ್ದರು. ಈಗ ಅದು ಒಂದು ತಿಂಗಳಿಗೆ ಇಳಿದಿದೆ. ಹಲವರು ಬಿಟ್ಟೇ ಬಿಟ್ಟಿದ್ದಾರೆ. ಈರಕ್ಕ ಬಿಡಲು ತಯಾರಿರಲಿಲ್ಲ. ಅದಕ್ಕೆ ಸರಿಯಾಗಿ ಆ ವರ್ಷ ಹಟ್ಟಿಯ ದೇವರ ಪೆಟ್ಟಿಗೆಯೂ ಸರದಿಯಂತೆ ಇವರ ಮನೆಗೇ ಬಂದು ಕೂತಿತ್ತು. ಬೆತ್ತದ ಪೆಟ್ಟಿಗೆ, ಮೇಲೆ ಕಂಬಳಿ. ಪೂಜಾರಿ ಉಪವಾಸವಿದ್ದು ಎತ್ತಬೇಕೇ ಹೊರತು ಬೇರೆ ಯಾರೂ ಅದನ್ನು ಅಲುಗಿಸುವಂತಿಲ್ಲ, ಅದರಲ್ಲೂ ಸೂತಕ ತಾಗಿದ ಕೈ ಅದರ ಹತ್ತಿರವೂ ಸುಳಿಯಕೂಡದು.

"ನನ್ನ ಹೆಂಡ್ತಿ ಗುಡಿಸಲ್ದಾಗ ಇರಾದಿಲ್ಲ," ಎಂದ ರಾಮಾಂಜಿನಿ.

"ದೇವ್ರು ಮುನಿದ್ರ ಕೂಸಿಗೆ ಬಡಿತೈತಿ ಕಣೋ," ಎಂದು ಈರಕ್ಕ ಊಟ ಬಿಟ್ಟು ಕೂತಳು. ಎರಡು ದಿನ ತಾಯಿ ಮಗ ಮಾತಾಡಲಿಲ್ಲ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಕಾರಿನ ಕೋಣೆ. ಕಾರು ಹೊರಗೆ ಬೇವಿನ ಮರದ ಕೆಳಗೆ ಹೋಯಿತು, ಒಳಗೆ ಮಲಗಲು ಹೊರಸು ಬಂತು. ಟೈಲ್ಸ್ ನೆಲ, ಬಲ್ಬು, ಫ್ಯಾನು, ಮೂಲೆಯಲ್ಲೊಂದು ನಲ್ಲಿ. ಮನೆಯ ಹೊರಗೆ ಇಟ್ಟಂತೆಯೂ ಆಯಿತು, ಮನೆಯಲ್ಲೇ ಇಟ್ಟುಕೊಂಡಂತೆಯೂ ಆಯಿತು ಎಂದು ರಾಮಾಂಜಿನಿ ಬೀಗಿದ. ನನಗೆ ಸಿಟ್ಟು ಬಂತು. ಕಾರು ನಿಲ್ಲಿಸುವ ಜಾಗದಲ್ಲಿ ಹಸಿ ಬಾಣಂತಿಯನ್ನು ಮಲಗಿಸುತ್ತೀರಲ್ಲ ಎಂದು ಜಗಳಕ್ಕೇ ನಿಂತೆ. ಶಿವಲೀಲಾಳೇ ನನ್ನ ಕೈ ಹಿಡಿದು ಸುಮ್ಮನಾಗಿಸಿದಳು.

"ಅತ್ತಿ ಭಾಳ ಹೆದರ್ತಾರಕ್ಕ. ನಾನು ಒಳಗಿದ್ರ ಅವರಿಗೆ ಒಂದು ದಿನಾನೂ ನಿದ್ದಿ ಹತ್ತಲ್ಲ. ಒಂದು ತಿಂಗಳು ತಾನ, ಕಳದು ಹೋಗ್ತೈತಿ ಬಿಡ್ರಿ," ಎಂದಳು.

ಕಾರಿನ ಕೋಣೆಯಿಂದ ಮನೆಯೊಳಗೆ ಹೋಗಲು ನಡುವೆ ಒಂದು ಸಣ್ಣ ಬಾಗಿಲಿತ್ತು. ಬಾಗಿಲಿದ್ದರೆ ಅದು ಹೊರಗು ಹೇಗಾಗುತ್ತದೆ? ಈರಕ್ಕ ಮನೆಯ ಕಡೆಯಿಂದ ಚಿಲಕ ಹಾಕಿಸಿದಳು. ಅಷ್ಟು ಸಾಲದೆಂದು ಪೂಜಾರಿಯನ್ನು ಕರೆಸಿ, ಪೆಟ್ಟಿಗೆಯನ್ನು ತಂದು ಆ ಬಾಗಿಲಿಗೆ ಅಡ್ಡವಾಗಿಯೇ ಇರಿಸಿದಳು. ದೇವರೇ ಅಡ್ಡ ಕೂತ ಮೇಲೆ ಆ ಬಾಗಿಲನ್ನು ಯಾರೂ ಬಾಗಿಲೆಂದು ಎಣಿಸಲಿಲ್ಲ.

ಗಂಡು ಕೂಸು. ಆಸ್ಪತ್ರೆಯಿಂದ ಬಂದವರನ್ನು ಈರಕ್ಕ ಬಾಗಿಲಲ್ಲೇ ಆರತಿ ಎತ್ತಿ ಕಾರಿನ ಕೋಣೆಗೆ ಕರೆದುಕೊಂಡು ಹೋದಳು. ಪುಷ್ಯ ಮಾಸದ ಚಳಿ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ ಹೊರಸಿನ ಕೆಳಗೆ ಇಟ್ಟಳು. ಬಾಣಂತಿಗೆ ಬೆನ್ನು ಕಾಯಬೇಕು, ಕೂಸಿಗೆ ಥಂಡಿ ಹತ್ತಬಾರದು. ಅದೇ ವಾರ ತಾಯಿ ಸತ್ತ ಕುರಿಮರಿಯೊಂದಿತ್ತು. ಅದಕ್ಕೂ ಬೆಚ್ಚಗಿರಲಿ ಎಂದು ಅದನ್ನೂ ತಂದು ಮೂಲೆಯಲ್ಲಿ ಕಟ್ಟಿದಳು.

ಶಟರ್ ಪೂರ್ತಿ ಎತ್ತಿದರೆ ಗಾಳಿ, ಬೀದಿಯವರ ಕಣ್ಣು. ಪೂರ್ತಿ ಇಳಿಸಿದರೆ ಉಸಿರು ಕಟ್ಟುತ್ತದೆ. ಕೆಂಡವಿದ್ದ ಕೋಣೆಗೆ ಗಾಳಿಯಾಡಲೇಬೇಕೆಂದು ಆಸ್ಪತ್ರೆಯಲ್ಲೂ ಹೇಳಿ ಕಳಿಸಿದ್ದರು, ಕೆಂಡವೇ ಬೇಡವೆಂದೂ ಹೇಳಿದ್ದರು. ಈರಕ್ಕ ಅರ್ಧ ಮಾತು ಕೇಳಿದಳು. ಶಟರನ್ನು ನೆಲದಿಂದ ಒಂದು ಗೇಣು ಮೇಲೆ ನಿಲ್ಲಿಸಿದರು. ಯಾರಾದರೂ ಒಳಗೆ ಹೋಗುವಾಗ ಮಾತ್ರ ಶಿವಲೀಲಾ ಒಳಗಿನಿಂದ ಎತ್ತಿ ಮತ್ತೆ ಇಳಿಸುತ್ತಿದ್ದಳು. ಕರೆಂಟ್ ಹೋಗಿ ಬಂದಾಗ ಇಳಿಯಬಾರದಲ್ಲ, ಅದಕ್ಕೆ ಒರಳಿನ ಗುಂಡುಕಲ್ಲನ್ನು ಉರುಳಿಸಿ ತಂದು ನಡುವೆ ಇಟ್ಟರು. ನಮ್ಮಲ್ಲಿ ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಶಟರ್ ಗರಗರ ಎಂದು ಒಂದಿಷ್ಟು ಇಳಿದು, ಗುಂಡುಕಲ್ಲಿಗೆ ತಾಗಿ, ಟಕ್ ಎಂದು ನಿಲ್ಲುತ್ತಿತ್ತು. ಆ ಸದ್ದು ಕೇಳಿದಾಗೆಲ್ಲ ಈರಕ್ಕ ಎಲ್ಲಿದ್ದರೂ ಓಡಿ ಬಂದು ಬಗ್ಗಿ ನೋಡುತ್ತಿದ್ದಳು.

ಮಷಿನ್ ಮುಂದೆ ಕೂತ ನನಗೆ ಆ ಗೇಣು ಸಂದಿಯೇ ಶಿವಲೀಲಾಳ ಇಡೀ ಲೋಕವಾಗಿ ಕಾಣುತ್ತಿತ್ತು. ಅಲ್ಲಿಂದ ಹೊಗೆ ಬರುತ್ತಿತ್ತು, ಲೋಬಾನದ ವಾಸನೆ ಬರುತ್ತಿತ್ತು. ಈರಕ್ಕ ಊಟದ ತಟ್ಟೆಯನ್ನು ಅಲ್ಲಿಂದಲೇ ಒಳಗೆ ತಳ್ಳುತ್ತಿದ್ದಳು. ಆಮೇಲೆ ಹಸಿರು ಬಳೆಯ ಕೈಯೊಂದು ತೊಳೆದ ತಟ್ಟೆಯನ್ನು ಹೊರಗೆ ಇಡುತ್ತಿತ್ತು. ಒಮ್ಮೊಮ್ಮೆ ಆ ಕೈ ನನ್ನ ಕಡೆಗೆ ಬೀಸುತ್ತಿತ್ತು. ನಾನೂ ಬೀಸುತ್ತಿದ್ದೆ. ಆದರೆ ಆ ಪರದೆ ಯಾವತ್ತಾದರೂ ಆ ಕೈ ಮೇಲೆ ಇಳಿದೀತು ಎಂದು ಹೊಲಿಯುತ್ತಾ ಹೊಲಿಯುತ್ತಾ ತಲೆ ಎತ್ತಿ ನೋಡುವುದು ನನಗೆ ರೂಢಿಯಾಯಿತು. ಹೆದರಿಕೆ ಈರಕ್ಕನಿಂದ ನನಗೂ ಹತ್ತಿತ್ತು.

ಐದನೆಯ ದಿನ ಶೆಟಗೆವ್ವನ ಪೂಜೆ. ಹುಟ್ಟಿದ ಕೂಸಿನ ಹಣೆಬರಹ ಬರೆಯಲು ಅವಳು ಅಂದು ಬರುತ್ತಾಳೆ. ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣ ಸುತ್ತಿ, ಅದನ್ನೇ ಶೆಟಗೆವ್ವನೆಂದು ಕೂಸಿನ ತಲೆಯ ಹತ್ತಿರ ಕೂರಿಸುತ್ತಾರೆ. ಮನೆಯಲ್ಲಿ ಇದ್ದದ್ದು ಒಂದೇ ಗುಂಡುಕಲ್ಲು. ಶಟರಿನ ಕೆಳಗಿದ್ದದ್ದು ಹೊರಸಿನ ತಲೆದೆಸೆಗೆ ಹೋಗಿ ದೇವಿಯಾಯಿತು. ಪೂಜೆ ಮುಗಿಯಿತು. ನಾನು ಬಾಣಂತಿಗೆ ಕುಬಸದ ಬಟ್ಟೆ ಕೊಡಲು ಹೋದವಳು ಸಂದಿಯಲ್ಲಿ ಕಲ್ಲು ಇಲ್ಲದ್ದನ್ನು ನೋಡಿದೆ.

"ಈರಕ್ಕ, ಗುಂಡುಕಲ್ಲು ತಂದು ಮೊದ್ಲಿನಂಗ ಇಡು."

ಅವಳು ನನ್ನನ್ನು ನೋಡಿದ ರೀತಿಗೆ ನಾನೇ ತಬ್ಬಿಬ್ಬಾದೆ. "ಏನಂತ ಮಾತಾಡ್ತಿ ಸೌಭಾಗ್ಯ? ಪೂಜಿ ಆದ ದೇವೀನ ಬಾಗಿಲಿಗೆ ಒತ್ತುಗಲ್ಲು ಮಾಡ್ತಾರೇನ? ಬಾಣಂತಿ ಏಳ ತನಕ ಆಕಿ ಅಲ್ಲೇ ಇರ್ಬೇಕು. ಆಕಿನ್ನ ಎಬ್ಬಿಸಿದ್ರ ಕೂಸಿನ ಬರಹ ಏನಾಗಬೇಕು?"

ಅದರ ಬದಲು ಅವಳು ಒಂದು ಇಟ್ಟಿಗೆ ತಂದು ಇಟ್ಟಳು. ಅಡ್ಡ ಮಲಗಿಸಿದರೆ ನಾಲ್ಕು ಬೆರಳಿನ ಸಂದಿಯಷ್ಟೇ ಉಳಿಯುತ್ತಿತ್ತು, ತಟ್ಟೆ ಹೋಗುತ್ತಿರಲಿಲ್ಲ. ಅದಕ್ಕೆ ನೆಟ್ಟಗೆ ನಿಲ್ಲಿಸಿದಳು. ಬೀಳುತ್ತದೆ ಈರಕ್ಕ ಎಂದೆ. ಇಟ್ಟಿಗೆ ಎಲ್ಲಾದರೂ ನಡೆದುಕೊಂಡು ಹೋಗುತ್ತದೆಯೇ ಎಂದು ನನಗೇ ತಿರುಗಿ ಕೇಳಿದಳು. ರಾಮಾಂಜಿನಿಗೆ ಹೇಳಿದೆ. ಹಗರಿಬೊಮ್ಮನಹಳ್ಳಿ ಸಂತೆ ಮುಗಿಸಿ ಬಂದವನೇ ಕಬ್ಬಿಣದ ಗುಟ್ಟ ಮಾಡಿಸಿ ಶಟರಿನ ಕೆಳಗೆ ಇಡುತ್ತೇನೆ ಎಂದ. ಮರುದಿನ ಬೆಳಿಗ್ಗೆ ಕಾರು ಹತ್ತಿ ಹೋದ. ರಿಮೋಟ್ ಅವನ ಕಾರಿನ ಕೀಲಿಕೈ ಗೊಂಚಲಲ್ಲೇ ನೇತಾಡುತ್ತಿತ್ತು.

ಅಂದು ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಲೈನ್ ಕೆಲಸವಂತೆ. ಮಷಿನ್ ಓಡಿಸುವಂತಿಲ್ಲ, ಹೊಲಿದಿಟ್ಟ ಬ್ಲೌಸುಗಳನ್ನಾದರೂ ಕೊಟ್ಟು ಬರೋಣವೆಂದು ಪೇಟೆಗೆ ಹೋದೆ. ಬಿಸಿಲು ಏರಿದ ಮೇಲೆ ಮನೆಗೆ ಬಂದು ಬಾಗಿಲು ತೆಗೆದರೆ ಫ್ಯಾನ್ ತಿರುಗುತ್ತಿತ್ತು. ಕರೆಂಟ್ ಬಂದಿದೆ, ಸದ್ಯ ಎಂದುಕೊಂಡು ರೂಢಿಯಂತೆ ಎದುರಿಗೆ ನೋಡಿದೆ.

ಸಂದಿ ಇರಲಿಲ್ಲ. ಶಟರ್ ನೆಲಕ್ಕೆ ಅಂಟಿಕೊಂಡು ನಿಂತಿತ್ತು. ಇಟ್ಟಿಗೆ ಹೊರಗೆ ಮಗುಚಿ ಬಿದ್ದಿತ್ತು.

ಚೀಲ ಅಲ್ಲೇ ಬಿಸಾಕಿ ಓಡಿದೆ. ಅದೇ ಹೊತ್ತಿಗೆ ಈರಕ್ಕ ಹಳ್ಳದ ಕಡೆಯಿಂದ ಬರುತ್ತಿದ್ದಳು. ಬಾಣಂತಿಯ ಸ್ನಾನದ ನೀರಿಗೆ ಹಾಕಲು ಲಕ್ಕಿ ಸೊಪ್ಪು ತರಲು ಹೋಗಿದ್ದವಳು, ತಲೆಯ ಮೇಲೆ ಸೊಪ್ಪಿನ ಹೊರೆ. ಶಟರ್ ನೋಡಿದಳು, ನನ್ನ ಮುಖ ನೋಡಿದಳು. ಹೊರೆ ನೆಲಕ್ಕೆ ಬಿತ್ತು.

"ಶಿವಲೀಲಾ! ಯವ್ವಾ ಶಿವಲೀಲಾ!"

ನಾನು ಎರಡೂ ಕೈಯಿಂದ ಶಟರ್ ಬಡಿದೆ. ಇಡೀ ಬೀದಿ ಕೇಳುವ ಸದ್ದಾಯಿತು. ಒಳಗಿಂದ ಹೂಂ ಇಲ್ಲ, ಉಹೂಂ ಇಲ್ಲ. ಕೂಸಿನ ಅಳು ಇಲ್ಲ. ಕುರಿಮರಿ ಕೂಡ ಒದರಲಿಲ್ಲ. ಬಗ್ಗಿ ಸಂದಿಗೆ ಬೆರಳು ತೂರಿಸಲು ನೋಡಿದೆ, ಉಗುರು ಮುರಿಯಿತೇ ಹೊರತು ಬೆರಳು ಹೋಗಲಿಲ್ಲ. ಹೊರಗಡೆ ಹಿಡಿದು ಎತ್ತಲು ಒಂದು ಹಿಡಿಕೆಯನ್ನೂ ಇಟ್ಟಿರಲಿಲ್ಲ. ಗೋಡೆಯ ಸ್ವಿಚ್ಚು, ಕೈಯಿಂದ ಎಳೆಯುವ ಸರಪಳಿ, ಎಲ್ಲವೂ ಒಳಗಡೆ.

ಶಿವಲೀಲಾಳ ಫೋನಿಗೆ ಹಚ್ಚಿದೆ. ಶಟರಿನ ಆಚೆ ರಿಂಗ್ ಆಗುವುದು ನಮಗೆ ಕೇಳಿಸಿತು. ಮದುವೆಯ ಹೊಸದರಲ್ಲಿ ಅವಳೇ ಇಟ್ಟುಕೊಂಡಿದ್ದ ಖುಷಿಯ ರಿಂಗು. ಅದು ಒಂದೇ ಸಮನೆ ಬಡಿದುಕೊಂಡು ಬಡಿದುಕೊಂಡು ತಾನಾಗಿ ನಿಂತಿತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿಕೆಯಾದ ಇನ್ನೊಂದು ಸದ್ದು ನಾನು ಕೇಳಿಲ್ಲ. ರಾಮಾಂಜಿನಿಗೆ ಹಚ್ಚಿದೆ.

"ರಿಮೋಟ್ ನನ್ನ ಹತ್ರ ಐತಿ ಅಕ್ಕ, ನಾನಿನ್ನೂ ಸಂತ್ಯಾಗ ಅದೀನಿ," ಎಂದವನು ಮರುಕ್ಷಣ ಕೂಗಿದ, "ಒಳಗಿನ ಬಾಗಲಾ ತೆಗಿಯಾಕ ಹೇಳ್ರಿ ನಮ್ಮವ್ವಗ! ಒಳಗಿನ ಬಾಗಲಾ!"

ಅವನ ಕೂಗು ಫೋನಿನಿಂದ ಈರಕ್ಕನಿಗೇ ಕೇಳಿಸಿತು. ಆಕೆ ಅಲುಗಲಿಲ್ಲ.

"ಅಲ್ಲಿ ಪೆಟ್ಟಿಗಿ ಐತಲ್ಲ," ಎಂದಳು. ಯಾರಿಗೂ ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡಂತೆ. "ದೇವ್ರು ಅಡ್ಡ ಕುಂತಾನಲ್ಲವ್ವ."

ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಮುಂಬಾಗಿಲಿನಿಂದ ಒಳಗೆ ಹೋದೆ. ಪಡಸಾಲೆ ದಾಟಿದರೆ ಆ ಮೂಲೆ. ಸಣ್ಣ ಬಾಗಿಲು, ಬಾಗಿಲಿಗೆ ಅಡ್ಡ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಾಡಿದ ಹೂವು, ಮುಂದೆ ಉರಿಯುವ ದೀಪ. ಬಾಗಿಲಿನ ಕೆಳಗಿನಿಂದ ಕೆಂಡದ ಕಮಟು ವಾಸನೆ ಬರುತ್ತಿತ್ತು. ನಾನು ಮುಂದಕ್ಕೆ ಕೈ ಚಾಚಿದೆ. ಸುಳ್ಳೇಕೆ ಹೇಳಲಿ, ಕೈ ಚಾಚಿದ ಮೇಲೆ ನನಗೂ ಭಯವಾಯಿತು. ಅದು ನಮ್ಮ ದೇವರಲ್ಲ, ಅವರ ಕಟ್ಟು ನನಗಿಲ್ಲ. ಆದರೂ ಆ ಕಂಬಳಿಯ ಮುಂದೆ ಬೆರಳು ಹಿಂದೆ ಸರಿದವು.

ಈರಕ್ಕ ನನ್ನ ಮುಂಗೈ ಹಿಡಿದಳು. "ನೀ ಮುಟ್ಟಬ್ಯಾಡ. ನಿನಗ ಎರಡು ಮಕ್ಳದಾವ."

"ಹಂಗಾದ್ರ ಯಾರು ಮುಟ್ಟಬೇಕಲೇ? ಪೂಜಾರಿ ಬರಾ ತನಕ ಕಾಯ್ತಿ ಏನು?" ಎಂದು ಕಿರುಚಿದೆ. ಹಿರಿಯಳೆಂಬುದೂ ನೆನಪಾಗಲಿಲ್ಲ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

ಅವಳು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಬಾಣಂತಿಯನ್ನು ಮುಟ್ಟಿ ಎಣ್ಣೆ ಹಚ್ಚಿದ ಕೈ ಅದು, ಇನ್ನೂ ಮೈ ತೊಳೆದುಕೊಂಡಿರಲಿಲ್ಲ. ಆ ಕೈಯನ್ನು ಒಮ್ಮೆ ಸೀರೆಗೆ ಒರೆಸಿಕೊಂಡಳು. "ನನ್ನ ತಿನ್ನು," ಎಂದಳು ದೇವರಿಗೆ. "ನನ್ನನ್ನ ತಿನ್ನು, ಅವರನ್ನ ಬಿಡು." ಬಗ್ಗಿ, ದೀಪವನ್ನು ಬದಿಗಿಟ್ಟು, ಎರಡೂ ಕೈಯಿಂದ ಪೆಟ್ಟಿಗೆಯನ್ನು ತಬ್ಬಿ ಪಕ್ಕಕ್ಕೆ ಎಳೆದಳು. ಹೂವು ಉದುರಿ ನೆಲಕ್ಕೆ ಬಿತ್ತು. ನಾನು ಚಿಲಕಕ್ಕೆ ಕೈ ಹಾಕುವ ಮುಂಚೆ ಅವಳೇ ಎಳೆದಳು. ಚಿಲಕ ಬಿಗಿಯಾಗಿತ್ತು, ಬೆರಳಿನ ಚರ್ಮ ಕಿತ್ತು ಬಂತು. ಬಾಗಿಲು ತೆರೆಯಿತು.

ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಮೊದಲು ಕಂಡದ್ದು ಕುರಿಮರಿ. ಹಗ್ಗದಷ್ಟು ದೂರಕ್ಕೆ ಬಂದು, ನಾಲ್ಕೂ ಕಾಲು ಚಾಚಿ, ಬಾಯಿ ತೆರೆದುಕೊಂಡು ಬಿದ್ದಿತ್ತು. ಹುಟ್ಟಿದಾಗಿನಿಂದ ಕುರಿಯ ನಡುವೆಯೇ ಬೆಳೆದವಳು ಈರಕ್ಕ. ಅದನ್ನು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅವಳ ಬಾಯಿಂದ ಬಂದ ಸದ್ದು ಅಳುವೂ ಅಲ್ಲ, ಕೂಗೂ ಅಲ್ಲ.

"ಸೆರಗು ಮೂಗಿಗೆ ಕಟ್ಕ!" ಎಂದೆ. ಕಟ್ಟಿಕೊಳ್ಳಲು ಅವಳು ನಿಲ್ಲಲಿಲ್ಲ. ಶಿವಲೀಲಾ ಹೊರಸಿನಿಂದ ಅರ್ಧ ಕೆಳಗೆ ಜಾರಿದ್ದಳು, ಒಂದು ಕೈ ಶಟರಿನ ಕಡೆಗೆ ಚಾಚಿತ್ತು. ಮುಖ ಕೆಂಪಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಕೂಸು ಹೊರಸಿನ ಮೇಲೆ ಬಟ್ಟೆಯೊಳಗೆ ಸುಮ್ಮನೆ ಇತ್ತು. ಈರಕ್ಕ ಕೂಸನ್ನು ಎತ್ತಿ ನನ್ನ ಮಡಿಲಿಗೆ ಎಸೆದಂತೆ ಕೊಟ್ಟಳು. ಆಮೇಲೆ ಸೊಸೆಯ ಎರಡು ಕಂಕುಳಿಗೆ ಕೈ ಹಾಕಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಪೆಟ್ಟಿಗೆಯ ಪಕ್ಕದಿಂದಲೇ, ಉದುರಿದ ಹೂವಿನ ಮೇಲೆಯೇ ಎಳೆದುಕೊಂಡು ಪಡಸಾಲೆ ದಾಟಿ ಹೊರಗಿನ ಕಟ್ಟೆಗೆ ತಂದಳು. ಅಷ್ಟು ಬಲ ಆ ಸಣಕಲು ಮೈಯಲ್ಲಿ ಎಲ್ಲಿತ್ತೋ.

ಕೂಸು ಉಸಿರಾಡುತ್ತಿದೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಂಗಾಲು ತಿಕ್ಕಿದೆ, ಬೆನ್ನು ತಿಕ್ಕಿದೆ, ಕಂಡ ಕಂಡ ದೇವರನ್ನೆಲ್ಲ ಬೇಡಿಕೊಂಡೆ. ಮೊದಲು ಬಾಯಿ ಸ್ವಲ್ಪ ಅಲುಗಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ. ಅಳು ಅನ್ನಲೂ ಆಗದಷ್ಟು ಸಣ್ಣದು. ನಾನು ಮಾತ್ರ ಗೊಳೋ ಎಂದು ಅತ್ತುಬಿಟ್ಟೆ.

ಶಿವಲೀಲಾ ಎಚ್ಚರಗೊಳ್ಳಲಿಲ್ಲ. ಪಕ್ಕದ ಬೊಮ್ಮಪ್ಪ ಆಟೋ ತಂದ. ಆಸ್ಪತ್ರೆಯ ತನಕ ಈರಕ್ಕ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖಕ್ಕೆ ಗಾಳಿ ತಾಗಲೆಂದು ಆಟೋದ ಪರದೆಯನ್ನು ಕೈಯಿಂದ ಎತ್ತಿ ಹಿಡಿದೇ ಕೂತಿದ್ದಳು. ಗಾಳಿಗೆ ಹೆದರಿ ಅದೇ ಸೊಸೆಯ ಕಿವಿಗೆ ಹತ್ತಿ ಇಟ್ಟವಳು ಅವಳೇ. ಆ ದಾರಿ ನನಗೆ ಮುಗಿಯದ ದಾರಿಯಾಗಿತ್ತು. ದಾರಿಯುದ್ದಕ್ಕೂ ಈರಕ್ಕ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಉಸಿರೈತೇನ ಸೌಭಾಗ್ಯ? ನೋಡು, ಉಸಿರೈತೇನ?" ನಾನು ಪ್ರತಿ ಸಲವೂ ಐತಿ ಎನ್ನುತ್ತಿದ್ದೆ. ಇದೆಯೋ ಇಲ್ಲವೋ ನನಗೇ ಖಾತ್ರಿಯಿರಲಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಕೆಂಡದ ವಿಷಗಾಳಿ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು ಡಾಕ್ಟರು. ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ರಾಮಾಂಜಿನಿ ಓಡಿ ಬಂದವನೇ ಒಳಗೆ ಹೋದ. ಆಮೇಲೆ ಪಾಲಾಕ್ಷಪ್ಪ ಬಂದ. ಬಾಗಳಿಯ ಹತ್ತಿರ ಕುರಿ ಬಿಟ್ಟು, ಸಿಕ್ಕ ಲಾರಿ ಹತ್ತಿ ಬಂದಿದ್ದ. ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಗಂಡನನ್ನು ನೋಡಿ ಈರಕ್ಕ ಎದ್ದು ನಿಂತಳು.

"ಪೆಟ್ಟಿಗಿ ನಾನ ಸರಿಸೀನಿ," ಎಂದಳು. "ಮೈಲಿಗಿ ಕೈಲೆ ಸರಿಸೀನಿ. ಅವರನ್ನ ಒಳಗಿಂದನ ತಂದೆ."

ಪಾಲಾಕ್ಷಪ್ಪನ ಮುಖ ಕಪ್ಪಿಟ್ಟಿತು. ಅವನೂ ಹೆದರಿದ್ದ, ಅದು ನನಗೆ ಕಾಣುತ್ತಿತ್ತು. "ಹಟ್ಟಿಯವರಿಗೆ ಏನ್ ಹೇಳಾದು? ದೇವ್ರು ಸುಮ್ನ ಬಿಡ್ತಾನೇನ?" ಎಂದ.

ಅಷ್ಟರಲ್ಲಿ ನರ್ಸ್ ಬಂದು, ಬಾಣಂತಿ ಕಣ್ಣು ಬಿಟ್ಟಳು, ಕೂಸು ಹಾಲಿಗೆ ಬಾಯಿ ಹಾಕಿತು ಎಂದಳು. ನಾನು ಈರಕ್ಕನನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಗಂಡನ ಮುಖ ನೋಡದೆ, ನೆಲ ನೋಡುತ್ತಾ ಮಾತಾಡಿದಳು.

"ನಮ್ಮ ಮೊದಲನೇ ಕೂಸು ಗುಡಿಸಲ್ದಾಗ ಹೋತಲ್ಲ. ಆ ರಾತ್ರಿ ಮಳಿ. ಸೊಪ್ಪು ಹಾರಿ ಹೋಗಿತ್ತು. ಕೂಸು ತಣ್ಣಗಾಗಾಕ ಹತ್ತಿತ್ತು. ಎತ್ಕೊಂಡು ಮನಿಗೆ ಬಂದೆ, ಬಾಗಲಾ ಬಡದೆ. ನಿಮ್ಮವ್ವ ಒಳಗ ಇದ್ಲು. ನೀವೂ ಒಳಗ ಇದ್ರಿ. ದೇವ್ರು ಅದಾನ, ಹೊರಗ ಹೋಗು ಅಂದ್ಲು ನಿಮ್ಮವ್ವ. ನೀವು ಏನೂ ಅನ್ಲಿಲ್ಲ. ನಾನು ಯಾರ ಮ್ಯಾಲೂ ಸಿಟ್ಟು ಮಾಡ್ಲಿಲ್ಲ. ಆ ಬಾಗಲಾ ತೆಗಿಯಾಕ ಬರಂಗಿಲ್ಲ ಅಂತನ ತಿಳ್ಕೊಂಡಿದ್ದೆ, ಇಷ್ಟು ವರ್ಷ." ಚರ್ಮ ಕಿತ್ತ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇವತ್ತು ತೆಗದ್ನಲ್ಲ. ಬರೀ ಒಂದು ಚಿಲಕ ಇತ್ತು."

ಅವಳಿಗೆ ಮೊದಲೊಂದು ಕೂಸು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎದುರು ಮನೆಯಲ್ಲಿದ್ದೆ, ಅವಳ ಹೆದರಿಕೆಗಳನ್ನೆಲ್ಲ ಬೀದಿಗೆ ಹೇಳಿ ನಗಿಸಿದ್ದೆ. ಪಾಲಾಕ್ಷಪ್ಪ ಗೋಡೆಗೆ ಒರಗಿ ನಿಂತವನು ಮೆಲ್ಲಗೆ ಜಾರಿ ನೆಲದ ಮೇಲೆ ಕೂತ. ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಆಮೇಲೆ ನಮಗೆ ಹೇಳದೆ ಎದ್ದು ಹೋದ. ಸಿಟ್ಟು ಬಂದು ಹೊಲಕ್ಕೆ ವಾಪಸು ಹೋದ ಎಂದುಕೊಂಡೆವು.

ಮೂರನೆಯ ದಿನ ಮನೆಗೆ ಕಳಿಸಿದರು. ಆಟೋ ಇಳಿದಾಗ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ. ಪೆಟ್ಟಿಗೆ ಅಲುಗಿದ ಸುದ್ದಿ ತಿಳಿದು ಹಟ್ಟಿಯ ನಾಲ್ಕು ಜನ ಹಿರಿಯರೂ ಬೇವಿನ ಮರದ ಕೆಳಗೆ ಕೂತಿದ್ದರು. ಈರಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಮನೆಯ ಮುಂದೆ ನಿಂತಳು. ಒಂದು ಕಡೆ ಕಾರಿನ ಕೋಣೆ, ಒಂದು ಕಡೆ ಮುಂಬಾಗಿಲು. ಹಿರಿಯರ ಕಣ್ಣೆಲ್ಲ ಅವಳ ಕಾಲಿನ ಮೇಲೆ. ಶಿವಲೀಲಾ ನನ್ನ ಭುಜಕ್ಕೆ ಒರಗಿದ್ದಳು, ಅವಳ ಮೈ ಇನ್ನೂ ಸೋತಿತ್ತು.

ಈರಕ್ಕ ಮುಂಬಾಗಿಲ ಕಡೆಗೆ ನಡೆದಳು. ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿತ್ತು. ಬಡಿಯಲೆಂದು ಕೈ ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು.

ಅವಳು ಬಡಿಯುವ ಮೊದಲೇ ಒಳಗಿನಿಂದ ಚಿಲಕ ತೆಗೆದ ಸದ್ದಾಯಿತು. ಪಾಲಾಕ್ಷಪ್ಪ ನಿಂತಿದ್ದ. ಎರಡೂ ಕದವನ್ನು ಗೋಡೆಗೆ ತಾಗುವ ತನಕ ತಳ್ಳಿದ. ಬೇವಿನ ಮರದ ಕೆಳಗಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೆಂಡತಿಗೆ ಹೇಳಿದ.

"ಹೊರಗ ಯಾಕ ನಿಂತಿ? ಕೂಸಿನ್ನ ತಗೊಂಡು ಒಳಗ ಬಾ."